ಒಲೀವಾಳ ಕಿವುಡು

ಮಕ್ಕಳು ಭಾಷೆ ಕಲಿಯುವುದು ಹಸಿವಾದಾಗ. ಇದು ನಿಮಗೂ ಗೊತ್ತು. ನಿಮ್ಮ ಮಗು ಮೊದಲು ಕೇಳಿದ್ದು ಹಾಲನ್ನು, ವ್ಯಾಕರಣವನ್ನಲ್ಲ. ಗೊತ್ತಿದ್ದೂ ನಾವೆಲ್ಲ ಸೇರಿ ಈ ಊರಿನ ಅತ್ಯುತ್ತಮ ಸ್ಪ್ಯಾನಿಷ್ ಮೇಡಮ್ಮನ್ನು ಕೆಲಸದಿಂದ ಬಿಡಿಸಿದೆವು. ಈ ಅಂಕಣದಲ್ಲಿ 'ನಾವೆಲ್ಲ' ಎಂದು ಬರೆಯುವುದು ನನ್ನ ಹಳೆಯ ಚಾಳಿ. ತಪ್ಪನ್ನು ಊರಿಗೆ ಹಂಚಿಬಿಟ್ಟರೆ ನನ್ನ ಪಾಲು ಹಗುರ. ನಿಜ ಹೇಳಬೇಕೆಂದರೆ ಬಿಡಿಸಿದ್ದು ನಾನು.

ಒಲೀವಾ ಮನ್ಸೋರೊಗೆ ಈಗ ಅರವತ್ತೊಂದು. ಮೊದಲು ಬಂದರಿನಲ್ಲಿ ಟ್ಯೂನಾ ಹಿಡಿಯುವವರಿಗೆ ಬೇಯಿಸಿ ಹಾಕುತ್ತಿದ್ದಳು. ಗುಡ್ಡದ ಮೇಲಿನ ಹಳೆಯ ಸನ್ಯಾಸಿನಿಯರ ಮಠದಲ್ಲಿ ವಿದೇಶಿ ಮಕ್ಕಳ ಸ್ಪ್ಯಾನಿಷ್ ಬೇಸಿಗೆ ಶಿಬಿರ ಶುರುವಾದಾಗ ಅಲ್ಲಿನ ಅಡುಗೆಮನೆ ಸೇರಿದಳು. ಹದಿನೆಂಟು ಬೇಸಿಗೆ ಅಲ್ಲೇ ಇದ್ದಳು. ಶಿಬಿರ ನಿಮಗೆ ಗೊತ್ತಲ್ಲ: ಉತ್ತರದಿಂದ ಸಂಸಾರ ಸಮೇತ ಬರುತ್ತಾರೆ, ನಮ್ಮ ಮನೆಗಳನ್ನು ಮೂರು ವಾರಕ್ಕೆ ಹಿಡಿಯುತ್ತಾರೆ. ಮಕ್ಕಳು ಮಠದೊಳಗೆ ಭಾಷೆಯಲ್ಲಿ ಮುಳುಗುತ್ತಾರೆ, ಅಪ್ಪ ಅಮ್ಮ ಕೆಳಗೆ ಸಮುದ್ರದಲ್ಲಿ.

ಒಲೀವಾಗೆ ಒಂದು ಪದ್ಧತಿ ಇತ್ತು. ಬಾಯಿಬಿಟ್ಟು ಕೇಳದೆ ಯಾವ ಮಗುವಿಗೂ ಏನನ್ನೂ ಬಡಿಸುತ್ತಿರಲಿಲ್ಲ. ಬೆರಳು ತೋರಿಸಿದರೆ ಕುರುಡಿ, ಪಿಸುಗುಟ್ಟಿದರೆ ಕಿವುಡಿ. ಸೌಟನ್ನು ಪಾತ್ರೆಯ ಅಂಚಿಗೆ ಎರಡು ಸಲ ಬಡಿದು, "ಏನಂದೆ ಕಂದಾ? ಕೇಳಿಸ್ಲಿಲ್ಲ. ಈ ಕಿವಿ ಸತ್ತುಹೋಗಿ ಎಷ್ಟೋ ಕಾಲ ಆಯ್ತು" ಎನ್ನುವಳು. ಹಿಂದೆ ನಲವತ್ತು ಮಕ್ಕಳ ಸಾಲು, ಮುಂದೆ ಟೊಮೇಟೊ ಹಾಕಿ ಬೇಯಿಸಿದ ಕಡಲೆಯ ಘಮ. ಮಗು ಕಿರುಚಲೇಬೇಕು.

ಹೋದ ವರ್ಷ ಹಾಲೆಂಡಿನಿಂದ ಫೆನ್ನಾ ಎಂಬ ಒಂಬತ್ತರ ಹುಡುಗಿ ಬಂದಳು. ತರಗತಿಯಲ್ಲಿ ಐದು ದಿನ ತುಟಿ ಬಿಚ್ಚಲಿಲ್ಲ. ಆರನೆಯ ದಿನ ಅವಳಿಗೆ ಕಲ್ಲಂಗಡಿಯ ಎರಡನೆಯ ಹೋಳು ಬೇಕಾಯಿತು. ಒಲೀವಾಳ ಕಿವಿ ಮಾಮೂಲಿನಂತೆ ಸತ್ತಿತ್ತು. ಹುಡುಗಿ ಕೆಂಪಾಗಿ, ಕಾಲು ನೆಲಕ್ಕೆ ಅಪ್ಪಳಿಸಿ, ಇಡೀ ವಾಕ್ಯ ಕೂಗಿದಳು. ಆಮೇಲೆ ಅವಳನ್ನು ಸುಮ್ಮನಿರಿಸುವುದು ಯಾರ ಕೈಲೂ ಆಗಲಿಲ್ಲ.

ಹೆತ್ತವರು ಬರುವ ಶನಿವಾರ ಫೆನ್ನಾ ಅಂಗಳದಲ್ಲಿ ನಿಂತು ಮಾತಾಡಿದಳು, ಅಪ್ಪಟ ಒಲೀವಾಳಂತೆ. ಸೊಂಟಕ್ಕೆ ಕೈ, ಪದಗಳ ಬಾಲ ನುಂಗುವುದು, ನಡುವೆ ಒಂದು ನಿಟ್ಟುಸಿರು. ನಾವು ಊರಿನವರು ಬಿದ್ದುಬಿದ್ದು ನಕ್ಕೆವು. ಅವಳ ತಾಯಿ ಮರೈಕೆ ನಗಲಿಲ್ಲ. ನಾಲ್ಕು ಚಳಿಗಾಲ ಮನೆಯಲ್ಲಿ ಕೂತು ಸ್ಪ್ಯಾನಿಷ್ ಕಲಿತ ಹೆಂಗಸಿಗೆ ತನ್ನ ಮಗಳ ಒಂದು ಮಾತೂ ಅರ್ಥವಾಗಲಿಲ್ಲ. ಆಕೆ ಶಿಬಿರದ ಕರಪತ್ರ ತೆಗೆದು ಮೊದಲ ಸಾಲಿಗೆ ಬೆರಳಿಟ್ಟಳು: 'ಇಲ್ಲಿ ನಿಮ್ಮ ಮಗುವಿನ ಕಿವಿಗೆ ಬೀಳುವುದು ಶುದ್ಧ ಸ್ಪ್ಯಾನಿಷ್ ಮಾತ್ರ.'

ಆ ಸಾಲು ಬರೆದವನು ನಾನು. ಹದಿನಾಲ್ಕಕ್ಕೆ ಶಾಲೆ ಬಿಟ್ಟು, ಮನೆಮನೆಗೆ ಕರೆಂಟಿನ ವೈರು ಎಳೆಯುತ್ತ, ಸಿಕ್ಕ ಕಾಗದ ಓದಿ ಬರೆಯಲು ಕಲಿತವನು. ಶಿಬಿರ ನಡೆಸುವ ಎಲಾದಿಯೋ "ಹೆನಾರೋ, ನಿನ್ನ ಭಾಷೆ ಬಂಗಾರ ಕಣೋ" ಎಂದದ್ದೇ ತಡ, ಎದೆಯುಬ್ಬಿಸಿ ಬರೆದುಕೊಟ್ಟೆ. ನಮ್ಮೂರಿಗೊಂದು ರೋಗವಿದೆ. ನಮ್ಮನಮ್ಮಲ್ಲಿ ಪದಗಳ ಕೊನೆ ನುಂಗಿಯೇ ಮಾತಾಡುವ ನಾವು, ಹೊರಗಿನವರು ಎದುರಾದರೆ ಸಾಕು, ನುಂಗಿದ ಅಕ್ಷರಗಳನ್ನೆಲ್ಲ ಕಕ್ಕುತ್ತೇವೆ, ಇಲ್ಲದ ಕಡೆಯೂ ಒಂದೆರಡು ಅಂಟಿಸುತ್ತೇವೆ. ರೇಡಿಯೋದಲ್ಲೂ ನಾನು ಮಾತಾಡುವುದುಂಟು; ಅಲ್ಲಿ ನನ್ನ ದನಿ ಕೇಳಿದವರಿಗೆ ನಾನು ಈ ಊರಿನವನೆಂದೇ ತಿಳಿಯದು. ಅದನ್ನೇ ಹೊಗಳಿಕೆ ಎಂದುಕೊಂಡಿದ್ದೆ.

ಎಲಾದಿಯೋ ನನ್ನನ್ನೇ ಕಳಿಸಿದ. "ನೀನು ಹೇಳಿದ್ರೆ ಕೇಳ್ತಾಳೆ. ಬಡಿಸ್ಲಿ, ಮಾತು ಮಾತ್ರ ಬೇಡ." ಬಡವರ ಬಾಯಿ ಮುಚ್ಚಿಸುವವರ ವಿರುದ್ಧ ವಾರವಾರ ಗುಡುಗುವ ಅಂಕಣಕಾರ ಅಡುಗೆಮನೆಗೆ ನಡೆದ.

ಒಲೀವಾ ಮೀನು ಸೀಳುತ್ತಿದ್ದಳು. ನಾನು ಗಂಟಲು ಸರಿಮಾಡಿಕೊಂಡು, ರೇಡಿಯೋ ಭಾಷೆಯಲ್ಲಿ, ಹೆತ್ತವರ ನಿರೀಕ್ಷೆ, ಶಿಬಿರದ ಗುಣಮಟ್ಟ ಎಂದೆಲ್ಲ ಶುರುಮಾಡಿದೆ.

"ಯಾರು ಸತ್ರು?" ಎಂದಳು.

"ಯಾರೂ ಇಲ್ಲ."

"ಮತ್ಯಾಕೆ ಪಾದ್ರಿ ಥರ ಮಾತಾಡ್ತಿದೀಯ? ನಿಮ್ಮಮ್ಮ ಬಂದರಲ್ಲಿ ನನ್ನ ಪಕ್ಕದಲ್ಲೇ ಕೂತು ತಿನ್ನೋ ಬಸವನಹುಳು ಮಾರ್ತಿದ್ಲು. ಅವಳ ಬಾಯಲ್ಲಿ ಒಂದು ಪದ ಪೂರ್ತಿ ಆಚೆ ಬಂದಿದ್ದು ನಾ ಕಾಣೆ. ನೀನೆಲ್ಲಿಂದ ತಂದ್ಯೋ ಇಷ್ಟೊಂದನ್ನ?"

ನಾನು ಹೇಳಬೇಕಾದ್ದನ್ನು ಹೇಳಿದೆ. ಅವಳು ಚಾಕು ಕೆಳಗಿಟ್ಟಳು.

"ಆಯ್ತು ಬಿಡು ಮಗಾ. ಕಿವುಡಿ ಆಗಿದ್ದೆ, ಇನ್ನು ಮೂಗಿಯೂ ಆಗ್ತೀನಿ."

ಆದಳು. ಸೋಮವಾರದಿಂದ ಮಕ್ಕಳು ತಟ್ಟೆ ಚಾಚಿದರು, ಅವಳು ನಗುತ್ತ ತುಂಬಿದಳು. ಕೇಳದೆಯೇ ಸಿಗುವಾಗ ಕೇಳುವವರು ಯಾರು? ಗುರುವಾರದ ಹೊತ್ತಿಗೆ ಊಟದ ಮನೆಯಲ್ಲಿ ಡಚ್ಚು, ಜರ್ಮನ್, ಇಂಗ್ಲಿಷು. ಫೆನ್ನಾ ಮತ್ತೆ ತುಟಿ ಹೊಲಿದುಕೊಂಡಳು. ಮಕ್ಕಳು ಮಾತಾಡುತ್ತಿಲ್ಲವೆಂದು ಎಲಾದಿಯೋ ಯಾರನ್ನು ದೂರಿದ ಗೊತ್ತೇ? ಅಡುಗೆಮನೆಯನ್ನು. ಈ ವರ್ಷ ಊಟ ಹೊರಗಿನಿಂದ ಡಬ್ಬಿಗಳಲ್ಲಿ ಬರುತ್ತಿದೆ. ಒಲೀವಾಗೆ ಕರೆ ಬರಲಿಲ್ಲ. ಈ ಸುದ್ದಿ ನನಗೆ ಮೇ ತಿಂಗಳಲ್ಲೇ ಗೊತ್ತಿತ್ತು. ಆ ವಾರ ನಾನು ಚೌಕದ ಮುರಿದ ಬೆಂಚಿನ ಬಗ್ಗೆ ಬಹಳ ಖಾರವಾಗಿ ಬರೆದೆ.

ಕಳೆದ ವಾರ ಸಂಜೆ ಅವಳ ಬೀದಿಯಲ್ಲಿ ಹೋಗುತ್ತಿದ್ದೆ. ಎಂದಿನಂತೆ ಮನೆಗಳ ಮುಂದೆ ಕುರ್ಚಿಗಳು, ತಣ್ಣನೆ ಗಾಳಿ. ಒಲೀವಾಳ ಪಕ್ಕ ಫೆನ್ನಾ ಅವರೆ ಸುಲಿಯುತ್ತ ಪಟಪಟ ಮಾತಾಡುತ್ತಿದ್ದಳು. ಮರೈಕೆ ಈ ಸಲ ಮಗಳನ್ನು ಶಿಬಿರಕ್ಕೆ ಸೇರಿಸಿಲ್ಲ, ಒಲೀವಾಳ ಎದುರುಮನೆ ಹಿಡಿದಿದ್ದಾಳೆ. ಕೂರಲು ಕುರ್ಚಿ ಬೇಕೆಂದು ಆಕೆ ಮೆಲ್ಲಗೆ ಕೇಳುತ್ತಿದ್ದಳು.

"ಏನಮ್ಮಾ? ಕೇಳಿಸ್ಲಿಲ್ಲ," ಎಂದಳು ಒಲೀವಾ.

ಮರೈಕೆ ಬೀದಿಗೆಲ್ಲ ಕೇಳುವಂತೆ ಕೂಗಿದಳು. ಕುರ್ಚಿ ಬಂತು. ಆಮೇಲೆ ಆಕೆ ನನ್ನತ್ತ ತಿರುಗಿ, "ನಾನು ದೂರಿದ್ದು ಹೌದು. ತೆಗೆದುಹಾಕಿ ಅಂದಿರ್ಲಿಲ್ಲ," ಎಂದಳು. ರೇಡಿಯೋ ಭಾಷೆ, ಊರ ಭಾಷೆ, ಎರಡೂ ನನಗೆ ಕೈಕೊಟ್ಟವು.

"ಬೆಂಚಿನ ವಿಷಯ ಚೆನ್ನಾಗಿ ಬರ್ದಿದ್ದೆ ಕಣೋ," ಎಂದಳು ಒಲೀವಾ. "ರಿಪೇರಿನೂ ಆಯ್ತು." ಅವರೆಯಿಂದ ತಲೆ ಎತ್ತದೆ ಕೇಳಿದಳು: "ಮಠದ ಆ ದೊಡ್ಡ ಪಾತ್ರೆ ಇದ್ಯಲ್ಲ, ಈಗ ಯಾರಾದ್ರೂ ಉಜ್ತಾರಾ? ಹಾಗೇ ಬಿಟ್ರೆ ತುಕ್ಕು ಹಿಡಿಯುತ್ತೆ."

ಅವಳು ಕೇಳಿಕೊಂಡದ್ದು ಅಷ್ಟೇ. ಅದಕ್ಕೇ ಉಳಿದದ್ದನ್ನು ನಾನು ಕೇಳುತ್ತಿದ್ದೇನೆ. ನೀವು ಬಾಡಿಗೆಗೆ ಕೊಟ್ಟ ಮನೆಯ ಮೇಜಿನ ಮೇಲೆ ಶಿಬಿರದ ಕರಪತ್ರ ನೀವೇ ಇಟ್ಟಿದ್ದೀರಿ. ಪೆನ್ನು ತೆಗೆದು ನನ್ನ ಸಾಲು ಹೊಡೆದುಹಾಕಿ. ಮುಂದಿನ ಮಕ್ಕಳ ತಂಡ ಸೋಮವಾರ ಒಂಬತ್ತಕ್ಕೆ ಬರುತ್ತದೆ. ಆ ಹೊತ್ತಿಗೆ ಮಠದ ಬಾಗಿಲಿಗೆ ಬನ್ನಿ, ಒಲೀವಾಳನ್ನು ಅವಳ ಅಡುಗೆಮನೆಗೆ ವಾಪಸ್ ಕರೆ ಎಂದು ಎಲಾದಿಯೋಗೆ ಹೇಳಿ. ನಮ್ಮೂರ ಮಾತಿನಲ್ಲೇ ಹೇಳಿ. ಕೇಳಿಸಲಿಲ್ಲ ಎಂದನೋ, ಇನ್ನೂ ಜೋರಾಗಿ ಹೇಳಿ.