ಬಾಗಿಲಿಗೆ ಇಟ್ಟ ಚಪ್ಪಲಿ

ದೊಡ್ಡಪ್ಪನ ಬಲಗೈ ಹೆಬ್ಬೆರಳಿನ ಉಗುರು ಅರ್ಧ ಕಪ್ಪಾಗಿತ್ತು. ಬಲಗೈ ಎಂದು ಈಗ ಬರೆಯುತ್ತಿದ್ದೇನೆ. ಅವರು ತೀರಿಕೊಂಡ ವಾರದ ನನ್ನ ದಿನಚರಿಯಲ್ಲಿ ಎಡಗೈ ಎಂದಿದೆ. ಯಾವುದು ನಿಜವೋ ಹೇಳಲಾರೆ. ಇನ್ನೂ ಕೆಲವು ವಿವರಗಳನ್ನು ಹೀಗೆಯೇ ಅದಲು ಬದಲು ಮಾಡಿಕೊಂಡಿರಬಹುದು. ಆದರೆ ಆ ಕೈಯ ವಾಸನೆಯ ಬಗ್ಗೆ ನನಗೆ ಅನುಮಾನವಿಲ್ಲ. ಊಟಕ್ಕೆ ಕೂತಾಗ ಸಾರಿನ ಇಂಗಿನ ಒಗ್ಗರಣೆಯನ್ನೂ ಮೀರಿ ಮೆಷಿನ್ ಎಣ್ಣೆಯ ವಾಸನೆ ಬರುತ್ತಿತ್ತು. ಮೂರು ಸಲ ಸೋಪು ಹಾಕಿ ತೊಳೆದೆ ಎಂದು ಪ್ರತಿದಿನ ಹೇಳುತ್ತಿದ್ದರು. ಯಾರೂ ನಂಬುತ್ತಿರಲಿಲ್ಲ.

ಅವರು ನನ್ನ ಅಪ್ಪನ ಅಣ್ಣ. ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿ, ಸಿಂಗಪುರದ ಹಡಗುಕಟ್ಟೆಯೊಂದರಲ್ಲಿ ಪಂಪು, ಕೊಳವೆಗಳ ವಿನ್ಯಾಸ ಮಾಡುತ್ತಲೇ ನಿವೃತ್ತರಾದವರು. ಅದೇ ಊರಿನ ಚಾಂಗಿ ಬಿಸಿನೆಸ್ ಪಾರ್ಕಿನಲ್ಲಿ ನನಗೆ ಕೆಲಸ ಸಿಕ್ಕಾಗ ಬೆಡೋಕ್‌ನ ಅವರ ಮನೆಯಲ್ಲೇ ಉಳಿದುಕೊಂಡೆ. ದೊಡ್ಡಮ್ಮ ಅಷ್ಟು ಹೊತ್ತಿಗೆ ಇರಲಿಲ್ಲ. ದೊಡ್ಡಪ್ಪ, ಅವರ ಮಗಳು, ಅವಳ ಪುಟ್ಟ ಮಗಳು, ಇಷ್ಟೇ ಜನ. ದೊಡ್ಡಪ್ಪನ ಮಗಳನ್ನು ನಾನು ಅಕ್ಕ ಎನ್ನುತ್ತೇನೆ. ಭಾವ ಜಕಾರ್ತಾದ ಕೆಲಸದಲ್ಲಿದ್ದು ಆಗಾಗ ಬಂದು ಹೋಗುತ್ತಿದ್ದರು.

ಇಲ್ಲಿಯ ಫ್ಲ್ಯಾಟುಗಳಲ್ಲಿ ಬಾಂಬ್ ಶೆಲ್ಟರ್ ಎಂಬ ಒಂದು ಕೋಣೆ ಇರುತ್ತದೆ. ದಪ್ಪ ಕಾಂಕ್ರೀಟ್ ಗೋಡೆ, ಉಕ್ಕಿನ ಬಾಗಿಲು, ಕಿಟಕಿ ಇಲ್ಲ. ಯುದ್ಧ ಬಂದರೆ ಮನೆಯವರೆಲ್ಲ ಒಳಗೆ ಕೂರಬೇಕು. ಯುದ್ಧ ಬರುವವರೆಗೆ ಅಲ್ಲಿ ಅಕ್ಕಿಮೂಟೆ, ಸೂಟ್‌ಕೇಸು, ಹಳೆಯ ಫ್ಯಾನು ಇರುತ್ತವೆ. ನಮ್ಮ ಮನೆಯಲ್ಲಿ ಮಾತ್ರ ಅಲ್ಲಿ ಲೋಹ ಕಡೆಯುವ ಒಂದು ಪುಟ್ಟ ಲೇತು, ಒಂದು ಮೇಜಿನ ದೀಪ, ಮತ್ತು ದೊಡ್ಡಪ್ಪ ಇರುತ್ತಿದ್ದರು. ಅವರು ಕಟ್ಟುತ್ತಿದ್ದುದು ಒಂದು ಉಗಿಬಂಡಿ. ಮಗುವಿನ ತೊಟ್ಟಿಲಿನಷ್ಟು ಉದ್ದದ, ನಿಜವಾಗಿ ನೀರು ಕುದಿಸಿ ಓಡಬೇಕಾದ ಮಾದರಿ.

ಅದರ ಮೂಲವನ್ನು ರಚಿಸಿದವನು ಒಬ್ಬ ಬ್ರಿಟಿಷ್ ಎಂಜಿನಿಯರ್. ದೊಡ್ಡಪ್ಪ ಅವನ ಹೆಸರು ಹೇಳುತ್ತಿದ್ದುದೇ ಕಡಿಮೆ, 'ನಮ್ಮೋನು' ಎನ್ನುತ್ತಿದ್ದರು. ಭಾನುವಾರ ಬೆಳಿಗ್ಗೆ ತಿಂಡಿ ಅಂಗಡಿಗಳು ಒಂದೇ ಸೂರಿನಡಿ ಇರುವ ಹಾಕರ್ ಸೆಂಟರಿನಲ್ಲಿ ಕಾಫಿ ಮುಂದಿಟ್ಟುಕೊಂಡು ಅವನ ಬದುಕನ್ನು ಕಂತು ಕಂತಾಗಿ ನನಗೆ ಹೇಳಿದರು. ಅವನು ವರ್ಷಗಟ್ಟಲೆ ರೈಲ್ವೆಯಲ್ಲಿ ದೊಡ್ಡ ಹೆಸರಿನ ಒಬ್ಬ ಮುಖ್ಯಸ್ಥನ ಕೈಕೆಳಗೆ ದುಡಿದ. ಉಳಿದವರು ನಿವೃತ್ತಿಯ ಲೆಕ್ಕ ಹಾಕುವ ವಯಸ್ಸಿನಲ್ಲಿ ಅವನಿಗೆ ಸ್ವಂತ ಅಧಿಕಾರ ಸಿಕ್ಕಿತು. ಎರಡನೇ ಮಹಾಯುದ್ಧದ ನಡುವೆಯೇ ಹೊಸ ರೈಲು ಎಂಜಿನ್ ತಂದ. ಉಗಿ ಬಿಡುವ ಕವಾಟಗಳನ್ನು ಸರಪಳಿಯಿಂದ ನಡೆಸಿ, ಆ ಸರಪಳಿಯನ್ನು ಎಣ್ಣೆ ತುಂಬಿದ ಮುಚ್ಚಿದ ಪೆಟ್ಟಿಗೆಯೊಳಗೆ ಇಟ್ಟ. ದಿನಾ ಎಣ್ಣೆ ಬಿಡುವ ಗೋಜೇ ಇರಬಾರದು ಎಂಬುದು ಅವನ ಆಸೆ. ಎಣ್ಣೆ ಸೋರಿತು, ಕೆಲವೊಮ್ಮೆ ಹೊತ್ತಿಕೊಂಡಿತು. ಎಂಜಿನ್ನಿನ ಶಕ್ತಿಯನ್ನು ಹೊಗಳಿದವರೇ ಪೆಟ್ಟಿಗೆಯನ್ನು ಬೈದರು. ಅವನು ಆ ಕೆಲಸ ಬಿಟ್ಟ ಮೇಲೆ ಬೇರೆಯವರು ಆ ಎಂಜಿನ್ನುಗಳಲ್ಲಿ ಬಹಳಷ್ಟನ್ನು ಬಿಚ್ಚಿ, ಸರಪಳಿ ಕಿತ್ತು, ಎಲ್ಲರಿಗೂ ತಿಳಿಯುವ ಹಾಗೆ ಮತ್ತೆ ಕಟ್ಟಿದರು.

"ಅವರು ಮಾಡಿದ್ದು ಸರಿಯಲ್ವಾ ದೊಡ್ಡಪ್ಪ? ಆಮೇಲೆ ಚೆನ್ನಾಗಿ ಓಡ್ತಲ್ಲಾ?" ಎಂದೆ.

"ಓಡುತ್ತೆ ಕಣೆ. ಎತ್ತಿನಗಾಡೀನೂ ಓಡುತ್ತೆ," ಎಂದರು. "ನನ್ನ ಪಂಪನ್ನೂ ಹಿಂಗೇ ಬಿಚ್ಚಿದ್ರು. ರಿಟೈರ್ ಆದ ಮಾರನೇ ತಿಂಗಳು. ಒಂದು ಫೋನ್ ಮಾಡಿ ಯಾಕಪ್ಪಾ ಹಿಂಗಿಟ್ಟಿದ್ದೆ ಅಂತ ಕೇಳ್ಬೇಡ್ವಾ?"

ಆರಿದ ಕಾಫಿಯನ್ನು ಒಂದೇ ಗುಟುಕಿಗೆ ಮುಗಿಸಿ ಎದ್ದರು.

ದೊಡ್ಡಪ್ಪ ಕಟ್ಟುತ್ತಿದ್ದುದು ಅವನ ಕೊನೆಯ ಬ್ರಿಟಿಷ್ ಎಂಜಿನ್ನು, ಎಲ್ಲಕ್ಕಿಂತ ಹೆಚ್ಚು ಬೈಸಿಕೊಂಡದ್ದು. ಎರಡು ತುದಿಗೂ ಚಾಲಕನ ಕೋಣೆ. ಬೆಂಕಿಗೆ ಕಲ್ಲಿದ್ದಲು ಹಾಕುವವನು ನಡುವೆ, ಬಾಯ್ಲರಿನ ಪಕ್ಕದ ಇಕ್ಕಟ್ಟಿನಲ್ಲಿ, ಒಬ್ಬನೇ. ಪರೀಕ್ಷೆಯ ಓಡಾಟ ದಾಟಿ ಅದು ಮುಂದೆ ಹೋಗಲೇ ಇಲ್ಲ, ಗುಜರಿಗೆ ಹಾಕಿದರು. ಅವನು ಐರ್ಲೆಂಡಿಗೆ ಹೋಗಿ, ಜೌಗುನೆಲದಿಂದ ಅಗೆದು ಒಣಗಿಸಿದ ಹೆಂಟೆಯನ್ನು ಸುಡುವ ಇನ್ನೊಂದು ಎಂಜಿನ್ ಕಟ್ಟಿದ. ಅದೂ ನಿಲ್ಲಲಿಲ್ಲ. ತನ್ನ ಮಾದರಿ ಒಂದು ಹನಿ ಎಣ್ಣೆ ಸೋರದೆ ಓಡಿದರೆ ನಮ್ಮೋನು ಗೆದ್ದ ಹಾಗೆ ಎಂದು ದೊಡ್ಡಪ್ಪ ನಂಬಿದ್ದರು. ಯಾರ ಮುಂದೆ ಗೆಲ್ಲಬೇಕು ಎಂದು ನಾನು ಕೇಳಲಿಲ್ಲ.

ಶೆಲ್ಟರಿನ ಬಾಗಿಲು ತನ್ನಷ್ಟಕ್ಕೆ ಮುಚ್ಚಿಕೊಳ್ಳುತ್ತಿತ್ತು. ನೆಲ ಸ್ವಲ್ಪ ವಾಲಿದ್ದಿರಬೇಕು. ಅದಕ್ಕೆ ದೊಡ್ಡಪ್ಪ ತಮ್ಮ ಒಂದು ಕಾಲಿನ ಚರ್ಮದ ಚಪ್ಪಲಿಯನ್ನು ಬಾಗಿಲ ಸಂದಿಗೆ ಒತ್ತಿ ಇಡುತ್ತಿದ್ದರು. ಎದುರುಗಡೆಯೇ ದೇವರ ಗೂಡು. ಮನೆಯೊಳಗೆ ಚಪ್ಪಲಿ, ಅದೂ ದೇವರ ಎದುರಿಗೆ ಎಂದು ಅಕ್ಕನಿಗೆ ಸಂಕಟ. ಮರದ ತುಂಡು ತಂದುಕೊಟ್ಟಳು, ಜಾರಿತು. ರಬ್ಬರಿನದು ಆರ್ಡರ್ ಮಾಡಿದಳು. ಬಾಗಿಲಿನ ಭಾರಕ್ಕೆ ಅದೂ ಜರುಗಿತು. ಚಪ್ಪಲಿಯೇ ಮತ್ತೆ ಬಂತು.

"ಅಪ್ಪಾ, ಇದೊಂದು ಬಿಟ್ಟು ಬೇರೇನಾದ್ರೂ ಇಡಿ. ಬಂದೋರು ನೋಡಿದ್ರೆ ಏನಂದ್ಕೋತಾರೆ?"

"ಚಪ್ಪಲಿ ಅಂದ್ಕೋತಾರೆ," ಎಂದರು ಒಳಗಿನಿಂದ.

ಮೊಮ್ಮಗಳು ಅಮ್ಮನ ಪಕ್ಷ. ಸೊಂಟಕ್ಕೆ ಕೈಯಿಟ್ಟು ನಿಂತು, ಇಲ್ಲಿಯವರ ಇಂಗ್ಲಿಷಿನಲ್ಲಿ, "ತಾತಾ, ಸ್ಲಿಪರ್ ಇನ್ಸೈಡ್ ಕೆನಾಟ್ ಲಾ!" ಎನ್ನುತ್ತಿದ್ದಳು. ಚಪ್ಪಲಿಯನ್ನು ಎರಡು ಬೆರಳಲ್ಲಿ ಎತ್ತಿ, ಮೂಗು ಮುಚ್ಚಿಕೊಂಡು, ಹೊರಬಾಗಿಲ ಆಚೆಯ ರ‍್ಯಾಕಿಗೆ ಮೆರವಣಿಗೆಯಲ್ಲಿ ಒಯ್ಯುತ್ತಿದ್ದಳು. ದೊಡ್ಡಪ್ಪ ನಗುತ್ತಾ ಹಿಂದೆ ಹೋಗಿ ಮತ್ತೆ ತರುತ್ತಿದ್ದರು. ಮನೆಯಲ್ಲಿ ಅದೊಂದು ಆಟವಾಗಿತ್ತು.

ಒಂದು ಸಂಜೆ ದೊಡ್ಡಪ್ಪ ಎಂಜಿನ್ನಿನ ಆ ಇಕ್ಕಟ್ಟಿನ ನಡುಕೋಣೆಗೆ ತಗಡು ಕತ್ತರಿಸುತ್ತಿದ್ದಾಗ ನಾನು ಕೇಳಿದೆ: "ಇಲ್ಲಿ ನಿಲ್ಲೋನಿಗೆ ಸೆಕೆ ಆಗ್ತಿರ್ಲಿಲ್ವಾ?"

"ಸೆಕೇನಾ? ಬೇಯ್ತಿದ್ದ. ಬಾಗಿಲು ತೆಗೆದಿಟ್ಕೊಂಡೇ ಓಡಿಸ್ಬೇಕಾಯ್ತಂತೆ."

"ಅಲ್ಲಿ ಮನುಷ್ಯ ನಿಲ್ಲಬಹುದಾ ಅಂತ ನಿಮ್ಮೋನು ಯೋಚನೆ ಮಾಡ್ಲಿಲ್ವಾ?"

ಅವರು ಕತ್ತರಿ ಕೆಳಗಿಟ್ಟು, "ಹೋಗಿ ನಿನ್ನ ಲ್ಯಾಪ್‌ಟಾಪ್ ನೋಡ್ಕೋ ಹೋಗು," ಎಂದರು. ಎರಡು ದಿನ ನನ್ನ ಜೊತೆ ಮಾತಿಲ್ಲ. ಆಮೇಲೆ ಒಂದು ಬೆಳಿಗ್ಗೆ, ನಾನು ಆಫೀಸಿಗೆ ಹೊರಟು ಶೂ ಕಟ್ಟುತ್ತಿದ್ದಾಗ, ಪಕ್ಕ ಬಂದು ನಿಂತರು.

"ಬಾಯ್ಲರ್‌ಗೆ ಜಾಗ ಬೇಕು, ನೀರಿಗೆ ಬೇಕು, ಕಲ್ಲಿದ್ದಲಿಗೆ ಬೇಕು. ಎಲ್ಲಾ ಇಟ್ಟಾದ್ಮೇಲೆ ಉಳಿದ ಜಾಗಕ್ಕೆ ಆ ಬೆಂಕಿ ಹಾಕೋನನ್ನ ನಿಲ್ಲಿಸ್ದ. ನಾನೂ ಹಂಗೇ ಡ್ರಾಯಿಂಗ್ ಮಾಡ್ದೋನೇ. ಪಂಪ್ ರಿಪೇರಿ ಮಾಡೋನು ಎಲ್ಲಿ ಕೂರ್ತಾನೆ ಅಂತ ಒಂದಿನಾನೂ ನೋಡ್ಲಿಲ್ಲ."

ಹೀಗೆಯೇ ಹೇಳಿದರೇ, ಅಥವಾ ಈಗ ನನಗೆ ಬೇಕಾದ ಹಾಗೆ ನಾನು ಜೋಡಿಸಿಕೊಂಡೆನೇ? 'ಉಳಿದ ಜಾಗ' ಎಂದದ್ದು ಅವರೇ. ಅಷ್ಟು ಖಚಿತ.

ಅದಾದ ಕೆಲವು ವಾರಗಳಿಗೆ ವರಮಹಾಲಕ್ಷ್ಮಿ ಹಬ್ಬ. ಶುಕ್ರವಾರ ಸಂಜೆ ಆಫೀಸು ಮುಗಿಸಿದ ಹೆಂಗಸರೆಲ್ಲ ಅರಿಶಿನ ಕುಂಕುಮಕ್ಕೆ ಬರುವವರಿದ್ದರು. ಅಕ್ಕ ಕಲಶಕ್ಕೆ ಸೀರೆ ಉಡಿಸುತ್ತಿದ್ದಳು, ನಾನು ಅಡುಗೆಮನೆಯಲ್ಲಿ ಕೋಸಂಬರಿ ಕಲಸುತ್ತಿದ್ದೆ. ಅಕ್ಕನ ಮಗಳು ರೇಷ್ಮೆ ಲಂಗ ತೊಟ್ಟು ಮನೆಯಿಡೀ ಓಡಾಡುತ್ತಿದ್ದಳು. ಹೆಂಗಸರ ಮಧ್ಯೆ ನನಗೇನು ಕೆಲಸ ಎಂದು ದೊಡ್ಡಪ್ಪ ಶೆಲ್ಟರಿಗೆ ಹೋದರು. ಅಂದು ಮೊದಲ ಸಲ ಸ್ಪಿರಿಟ್ ದೀಪ ಹಚ್ಚಿ ಬಾಯ್ಲರಿನ ನೀರು ಕುದಿಸುವವರಿದ್ದರು. ಕೆಳಗೆ, ಕಟ್ಟಡದಡಿಯ ತೆರೆದ ವಾಯ್ಡ್ ಡೆಕ್ಕಿನಲ್ಲಿ ಮಾಡಿ ಎಂದು ಅಕ್ಕ ವಾರದಿಂದ ಹೇಳುತ್ತಿದ್ದಳು. ಅಲ್ಲಿ ಗಾಳಿಗೆ ಉರಿ ನಿಲ್ಲುವುದಿಲ್ಲ ಎಂದಿದ್ದರು.

ಬಂದವರು ಸೀರೆ ಹೊಗಳಿದರು, ಯಾವ ಅಂಗಡಿಯಲ್ಲಿ ತಾವರೆ ಸಿಕ್ಕಿತು ಎಂದು ಕೇಳಿದರು, ಹಾಡಿದರು. ನಾನು ತಟ್ಟೆ ಹಿಡಿದು ಎರಡು ಮೂರು ಸಲವಾದರೂ ಶೆಲ್ಟರಿನ ಮುಂದೆ ಹಾದಿರಬೇಕು. ಬಾಗಿಲು ತೆರೆದಿತ್ತೇ? ನೆನಪನ್ನು ಕೇಳಿದರೆ ಒಮ್ಮೆ ಚಪ್ಪಲಿ ಸಮೇತ ಸಂದಿ ಬಿಟ್ಟ ಬಾಗಿಲನ್ನು ತೋರಿಸುತ್ತದೆ, ಒಮ್ಮೆ ಮುಚ್ಚಿದ ಬಾಗಿಲನ್ನು. ಎರಡೂ ಅಷ್ಟೇ ಸ್ಪಷ್ಟ.

ಹೆಂಗಸರು ಹೊರಟ ಮೇಲೆ ಅಕ್ಕ ದೊಡ್ಡಪ್ಪನಿಗೆಂದು ಒಬ್ಬಟ್ಟು ತೆಗೆದುಕೊಂಡು ಹೋದಳು, ನಾನೂ ಹಿಂದೆಯೇ ಇದ್ದೆ. ಬಾಗಿಲು ಮುಚ್ಚಿತ್ತು. ಬೀಗವಿರಲಿಲ್ಲ; ಹಿಡಿ ಒತ್ತಿದರೆ ಒಳಗಿನಿಂದಲೂ ತೆರೆಯುತ್ತಿತ್ತು. ತೆರೆದಾಗ ಮುಖಕ್ಕೆ ಬಡಿದ ಕಾವು, ಸ್ಪಿರಿಟ್ಟಿನ ಘಾಟು ಇವತ್ತಿಗೂ ನನ್ನ ಮೂಗಿನಲ್ಲಿದೆ. ದೊಡ್ಡಪ್ಪ ಸ್ಟೂಲಿನಿಂದ ಜಾರಿ ಗೋಡೆಗೆ ಒರಗಿದ್ದರು. ಆ್ಯಂಬುಲೆನ್ಸಿನವರು ಬೇಗನೆ ಬಂದರು. ಆಸ್ಪತ್ರೆಯಲ್ಲಿ, ಹೃದಯ ಮೊದಲೇ ದುರ್ಬಲವಾಗಿತ್ತು, ತೆರೆದ ಬಯಲಿನಲ್ಲಿದ್ದರೂ ಆಗಬಹುದಿತ್ತು ಎಂದರು. ಆಗಬಹುದಿತ್ತು ಎಂದರೆ ಆಗುತ್ತಿತ್ತು ಎಂದಲ್ಲ. ಅದನ್ನು ಅಲ್ಲಿ ಯಾರೂ ಬಿಡಿಸಿ ಕೇಳಲಿಲ್ಲ.

ದಾಖಲೆಗೆ ಗುರುತಿನ ಚೀಟಿ ತರಲು ನಾನು ಮನೆಗೆ ಓಡಿದ್ದೆ. ಹೊರಬಾಗಿಲ ಪಕ್ಕದ ರ‍್ಯಾಕಿನಲ್ಲಿ ಅವರ ಚರ್ಮದ ಚಪ್ಪಲಿಗಳು ಎರಡೂ ಇದ್ದವು. ಅಕ್ಕಪಕ್ಕ, ತುದಿಗೆ ತುದಿ ಸರಿಯಾಗಿ, ಯಾರೋ ಮನಸ್ಸಿಟ್ಟು ಜೋಡಿಸಿದ ಹಾಗೆ.

ಈಗ ನಾನು ಪಾಸಿರ್ ರಿಸ್‌ನಲ್ಲಿ ಬೇರೆ ಮನೆ ಮಾಡಿದ್ದೇನೆ. ಆ ಎಂಜಿನ್ ನನ್ನ ಕಪಾಟಿನ ಮೇಲಿದೆ. ಅಕ್ಕ ತನ್ನ ಮನೆಯಲ್ಲಿ ಅದು ಬೇಡವೆಂದಳು. ಅಡಿಗೆ ಹಾಸಿದ ಪೇಪರನ್ನು ಆಗಾಗ ಬದಲಿಸಬೇಕು, ಎಣ್ಣೆ ಇನ್ನೂ ಸೋರುತ್ತದೆ. ನಮ್ಮೋನು ಗೆಲ್ಲಲಿಲ್ಲ. ಕೆಲಸದಲ್ಲಿ ಯಾವ ಯೋಜನೆಯ ನಕ್ಷೆ ಮುಂದೆ ಬಂದರೂ, ಇದನ್ನು ನಡೆಸುವವನು ಎಲ್ಲಿ ಕೂರುತ್ತಾನೆ ಎಂದು ನಾನು ಮೊದಲು ಹುಡುಕುತ್ತೇನೆ. ಅವರು ನನಗೆ ಬಿಟ್ಟುಹೋದದ್ದು ಅದು.

ಹೋದ ತಿಂಗಳು ಅವರ ವರ್ಷಾಬ್ದಿಕಕ್ಕೆ ಬೆಡೋಕ್‌ಗೆ ಹೋಗಿದ್ದೆ. ಶೆಲ್ಟರಿನಲ್ಲಿ ಈಗ ಅಕ್ಕಿಮೂಟೆ ಇದೆ. ಊಟವಾದ ಮೇಲೆ ಅಕ್ಕ ಬಾಳೆಎಲೆ ಮಡಿಸುತ್ತಿದ್ದಳು. ಅವಳ ಮಗಳು ಹೊರಬಾಗಿಲಲ್ಲಿ ಕೂತು, ಬಂದವರು ಚೆಲ್ಲಾಪಿಲ್ಲಿ ಬಿಟ್ಟಿದ್ದ ಚಪ್ಪಲಿಗಳನ್ನು ಜೊತೆ ಹುಡುಕಿ ರ‍್ಯಾಕಿಗೆ ಜೋಡಿಸುತ್ತಿದ್ದಳು. ಅಕ್ಕ ಎಲೆ ಮಡಿಸುವುದನ್ನು ನಿಲ್ಲಿಸಿ ಅವಳನ್ನೇ ನೋಡಿದಳು. ನಾನೂ ನೋಡಿದೆ. ಕೇಳಬಾರದಿತ್ತೇನೋ. ದನಿ ತಗ್ಗಿಸಿ ಕೇಳಿಬಿಟ್ಟೆ:

"ಅಕ್ಕಾ, ಅವತ್ತು ಆ ಚಪ್ಪಲಿ ತೆಗೆದಿದ್ದು ಯಾರು?"