ಗುಂಡಿಯ ಪಕ್ಕದ ಬೊಟ್ಟು

ಚಾಮರಾಜಪೇಟೆಯ ಆ ಸೊಸೈಟಿ ಆಫೀಸಿಗೆ ಎ.ಸಿ. ಕೂರಿಸಿದ್ದು ನನ್ನ ಸ್ವಂತದ ಮೊದಲ ದೊಡ್ಡ ಕೆಲಸ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು, ಮಾಮೂಲ್‌ಪೇಟೆಯಲ್ಲಿ ಫ್ಯಾನ್ ಮೋಟಾರಿಗೆ ತಂತಿ ಸುತ್ತುತ್ತಾ ಮೇಲೆ ಬಂದವನು ನಾನು. ಆ ಆಫೀಸಿನಲ್ಲಿ ಹೆಸರು ಕೆಟ್ಟರೆ ಪೇಟೆಯಲ್ಲೆಲ್ಲ ಕೆಟ್ಟಂತೆ.

ಅಲ್ಲಿಂದ ಫೋನ್ ಮಾತ್ರ ಬಿಡುವಿಲ್ಲದೆ ಬರುತ್ತಿತ್ತು. ಯಂತ್ರದಲ್ಲಿ ದೋಷವಿರಲಿಲ್ಲ. ತಂಪು ಹೆಚ್ಚುಕಡಿಮೆ ಮಾಡಲು ಗೋಡೆಗೆ ಹಾಕಿದ್ದ ತಿರುಗುಗುಂಡಿಯದೇ ಜಗಳ. ಎ.ಸಿ.ಯ ಗಾಳಿಕಿಂಡಿಯ ಕೆಳಗೆ ಕೂರುವ ಕ್ಯಾಷಿಯರಮ್ಮ ಶಾಲು ಹೊದ್ದುಕೊಂಡೇ ಬಂದು ಅದನ್ನು ಈ ಕೊನೆಗೆ ತಿರುಗಿಸಿದರೆ, ಬಿಸಿಲು ಬೀಳುವ ಕಿಟಕಿಯ ಪಕ್ಕದ ಅಕೌಂಟೆಂಟರು ಬೆವರೊರೆಸಿಕೊಂಡು ಆ ಕೊನೆಗೆ ತಿರುಗಿಸುತ್ತಿದ್ದರು. ಸುತ್ತಲಿನ ಅಂಕಿಗಳೋ, ಇರುವೆ ಸಾಲಿನಷ್ಟು ಸಣ್ಣವು. ಮ್ಯಾನೇಜರು ರೋಸಿಹೋಗಿ ಗುಂಡಿಗೊಂದು ಡಬ್ಬಿ ಹಾಕಿಸಿ ಬೀಗ ಜಡಿದರು. ಆಮೇಲೆ ಇಬ್ಬರೂ ಒಟ್ಟಾಗಿ ಬೈದದ್ದು ನನ್ನನ್ನು.

"ಇನ್ನೊಂದ್ ಕಂಪ್ಲೇಂಟ್ ಬಂದ್ರೆ ನಿಮ್ ಮೆಷಿನ್ ಕಿತ್ಕೊಂಡ್ ಹೋಗಿ. ಕಿಟಕಿ ತೆಕ್ಕೊಂಡ್ ಕೂತ್ಕೋತೀವಿ" ಎಂದರು ಮ್ಯಾನೇಜರು.

ಆಯುಧಪೂಜೆ ಕಳೆಯಿತು. ಫೋನ್ ನಿಂತುಹೋಯಿತು. ಬಂದಾಗ ಶಪಿಸುತ್ತಿದ್ದವನಿಗೆ ಬಾರದಾಗ ಕೂತಲ್ಲಿ ಕೂರಲಾಗಲಿಲ್ಲ. ಅನ್ನ ಕಲಸುವಾಗಲೂ ಕಿವಿ ಆ ಕಡೆಗೇ. ಬೇರೆ ಮೆಕ್ಯಾನಿಕ್ಕನ್ನು ಕರೆಸಿರಬೇಕು ಅನ್ನಿಸಿತು. ಕೊನೆಗೆ ಸ್ಕೂಟರ್ ತೆಗೆದು, ಮಾರ್ಕೆಟ್ಟಿನ ಹೂವಿನ ಮೂಟೆಗಳ ನಡುವೆ ನುಗ್ಗಿಕೊಂಡು ಹೋದೆ.

ಡಬ್ಬಿ ತೆರೆದೇ ಇತ್ತು. ಪೂಜೆಗೆಂದು ತೆಗೆದ ಬೀಗವನ್ನು ಮತ್ತೆ ಹಾಕಿರಲಿಲ್ಲ. ಒಳಗೆ ಬಾಡಿದ ಚೆಂಡುಹೂವು, ಗುಂಡಿಯ ಮೇಲೆ ಅಂಕಿ ತೋರಿಸುವ ಮುಳ್ಳಿನ ಎದುರು ಕುಂಕುಮದ ಬೊಟ್ಟು. ಜೇಬಿನಿಂದ ಬಟ್ಟೆ ತೆಗೆದೆ.

"ಒರೆಸ್ಬೇಡಿ ಕಣ್ರೀ" ಎಂದರು ಕ್ಯಾಷಿಯರಮ್ಮ. "ಅವತ್ತು ಮುಳ್ಳು ಎಲ್ಲಿತ್ತೋ ಅಲ್ಲೇ ಬೊಟ್ಟಿಟ್ಟೆ. ಪೂಜೆ ಆದ್ಮೇಲೆ ಮುಟ್ಟೋ ಹಾಗಿಲ್ವಲ್ಲ. ಎಲ್ಲಾ ಇಲ್ಲೇ ಕೂತು ಪುರಿ ತಿಂದ್ವಿ, ಯಾರಿಗೂ ಚಳಿ ಇಲ್ಲ, ಸೆಕೆ ಇಲ್ಲ. ಈಗ ಯಾರು ತಿರುಗಿಸಿದ್ರೂ ಬೊಟ್ಟಿಗೇ ವಾಪಸ್ ತರ್ಬೇಕು."

"ಮಧ್ಯಾಹ್ನ ಒಂದ್ ಬೆರಳು ಆಚೆ, ಅದು ನಂದು" ಎಂದರು ಅಕೌಂಟೆಂಟರು.

"ಅರ್ಧ ಬೆರಳು ಅಂತ ಮಾತಾಗಿತ್ತು."

"ನನ್ ಬೆರಳು ದಪ್ಪ ಇದ್ರೆ ನಾನೇನಮ್ಮ ಮಾಡ್ಲಿ?"

ಕುಂಕುಮ ಆಗಲೇ ಅರ್ಧ ಉದುರಿತ್ತು. ಇನ್ನೆರಡು ದಿನಕ್ಕೆ ಅದೂ ಇರುವುದಿಲ್ಲ, ಮತ್ತೆ ಫೋನ್ ಶುರು. ಎದುರಿನ ಅಂಗಡಿಗೆ ಓಡಿ ಕೆಂಪು ಪೇಂಟಿನ ಪುಟ್ಟ ಡಬ್ಬ, ಬ್ರಷ್ಷು ತಂದೆ. ಕೆಲಸ ನನ್ನದು, ಗುರುತನ್ನೂ ನಾನೇ ಹಾಕಬೇಕೆಂಬ ಹಟ. ಆದರೆ ಅರ್ಧ ಅಳಿಸಿಹೋದ ಬೊಟ್ಟಿನ ನಡು ಯಾವುದೆಂದು ತಿಳಿಯದೆ ಬ್ರಷ್ ಹಿಡಿದ ಕೈ ಅಲ್ಲೇ ನಿಂತಿತು. ತಪ್ಪಿದರೆ ಒಬ್ಬರು ನಡುಗಬೇಕು, ಇಲ್ಲ ಒಬ್ಬರು ಬೇಯಬೇಕು.

"ಕೊಡೀ ಇಲ್ಲಿ" ಎಂದ ಕ್ಯಾಷಿಯರಮ್ಮ ಬ್ರಷ್ ಬಿಟ್ಟು, ಉಂಗುರದ ಬೆರಳನ್ನು ಪೇಂಟಿಗೆ ಅದ್ದಿ, ದೇವರಿಗೆ ಇಡುವಂತೆ ಇಟ್ಟರು. ಅಕೌಂಟೆಂಟರು ಬಗ್ಗಿ ನೋಡಿ ತಲೆಯಾಡಿಸಿದರು.

ಒಣಗುವವರೆಗೂ ಯಾರೂ ಮುಟ್ಟದಂತೆ ಅಡ್ಡ ನಿಂತಿದ್ದೆ. ಹೊರಡುವಾಗ ಮ್ಯಾನೇಜರನ್ನು ಕೇಳಿ ಆ ಬೀಗದ ಡಬ್ಬಿಯನ್ನು ಗೋಡೆಯಿಂದ ಬಿಚ್ಚಿ ಚೀಲಕ್ಕೆ ಹಾಕಿಕೊಂಡೆ.

ಮನೆಗೆ ಬಂದು ಊಟಕ್ಕೆ ಕೂತರೂ ಕಿವಿ ಫೋನಿನ ಕಡೆಗೇ ಇತ್ತು.