ಕೈ ಮುಗಿದ ಕೋಟು

ನಮ್ಮ ಅಡುಗೆಮನೆಯಲ್ಲಿ ನೀರಿನ ಕೊಡದ ಮೇಲೆ ಬೋರಲು ಕೂತಿರುವ ಸ್ಟೀಲಿನ ತಂಬಿಗೆ ಒಂದು ಕಾಲದಲ್ಲಿ ಉಣ್ಣೆಯ ಕೋಟಾಗಿತ್ತು ಎಂದರೆ ನೀವು ನಗುತ್ತೀರಿ. ಧಾರಾಳವಾಗಿ ನಗಿ, ನಾನೂ ನಗುತ್ತಲೇ ಹೇಳಲು ಕೂತಿದ್ದೇನೆ. ಅದರ ಕಂಠದ ಬಳಿ ಒಂದು ತಗ್ಗು ಬಿದ್ದಿದೆ, ತಳ ಸವೆದು ನೆಲದ ಮೇಲಿಟ್ಟರೆ ತೂಕಡಿಸುವ ಮುದುಕರಂತೆ ಒಂದು ಕಡೆ ವಾಲುತ್ತದೆ. ಆದರೂ ಮನೆಗೆ ಬಂದವರಿಗೆ ನೀರು ಕೊಡುವಾಗ ಹೊಳೆಯುವ ಹೊಸ ತಂಬಿಗೆಗಳನ್ನೆಲ್ಲ ದಾಟಿ ನನ್ನ ಕೈ ತಾನಾಗಿ ಅದರತ್ತಲೇ ಹೋಗುತ್ತದೆ. ಉಣ್ಣೆ ಉಕ್ಕಾಗುವ ಬಗೆಯನ್ನು ವಿಜ್ಞಾನ ಓದಿದವರು ಒಪ್ಪಲಾರರು. ಆದರೆ ಎಪ್ಪತ್ತರ ದಶಕದ ಆಳಂದದಲ್ಲಿ ಈ ರಸವಿದ್ಯೆ ತಿಳಿಯದ ಗೃಹಿಣಿ ಒಬ್ಬಳೂ ಇರಲಿಲ್ಲ.

ಮಧ್ಯಾಹ್ನ ಗಂಡಸರು ಉಂಡು ಅಂಗಡಿಗೆ ಮರಳಿದ ಮೇಲೆ, ಬಿಸಿಲು ಓಣಿಯಲ್ಲಿ ಕಾಲು ಚಾಚಿ ಮಲಗಿದ ಹೊತ್ತಿನಲ್ಲಿ, ತಲೆಯ ಮೇಲೆ ಪಾತ್ರೆಯ ಬುಟ್ಟಿ ಹೊತ್ತವಳೊಬ್ಬಳು "ಹಳೇ ಅರಿವಿಗಿ ಬಾಂಡೇ..." ಎಂದು ರಾಗವೆಳೆಯುತ್ತ ಬರುತ್ತಿದ್ದಳು. ಹಳೆಯ ಬಟ್ಟೆ ಕೊಟ್ಟರೆ ಹೊಸ ಪಾತ್ರೆ. ಆ ಕೂಗು ಕಿವಿಗೆ ಬಿದ್ದರೆ ಅವ್ವ ನಿದ್ದೆಯಲ್ಲಿದ್ದರೂ ಎದ್ದು ಕೂರುತ್ತಿದ್ದಳು. ಆಮೇಲೆ ನಡೆಯುತ್ತಿದ್ದದ್ದು ವ್ಯಾಪಾರವಲ್ಲ, ಕುಸ್ತಿ. ಬಾಂಡೆಯವಳು ಸೀರೆಯನ್ನು ಬಿಸಿಲಿಗೆ ಹಿಡಿದು ಎಲ್ಲಿ ತೆಳುವಾಗಿದೆ ಎಂದು ಹುಡುಕಿದರೆ, ಅವ್ವ ಪಾತ್ರೆಯನ್ನು ಬೆರಳ ಗೆಣ್ಣಿನಿಂದ ಬಡಿದು ಅದರ ದನಿ ಪರೀಕ್ಷಿಸುತ್ತಿದ್ದಳು. ಹರಿದ ಭಾಗವನ್ನು ಮಡಿಕೆಯ ಒಳಗಿಡುವ ಕಲೆ ಅವ್ವನಿಗೆ ಎಷ್ಟು ಗೊತ್ತೋ, ಅದನ್ನು ಬಿಚ್ಚಿಸುವ ಕಲೆ ಬಾಂಡೆಯವಳಿಗೆ ಅಷ್ಟೇ ಗೊತ್ತು. ಕೊನೆಕೊನೆಗೆ ಅವ್ವನಿಗೆ ನಮ್ಮ ಮೈಮೇಲಿನ ಬಟ್ಟೆ ಬಟ್ಟೆಯಾಗಿ ಕಾಣುವುದೇ ನಿಂತುಹೋಯಿತು. ಅಣ್ಣನ ಪ್ಯಾಂಟು ಮೊಣಕಾಲಿನ ಹತ್ತಿರ ಬಿಳಿಚಿಕೊಂಡರೆ ಸಾಕು, ಅವಳ ಕಣ್ಣಿಗೆ ಅದು ಆಗಲೇ ಮುಚ್ಚಳವಿರುವ ಡಬ್ಬಿ.

ಅವಳ ಈ ವಿದ್ಯೆಗೆ ಬಗ್ಗದೆ ಉಳಿದ ವಸ್ತು ಇಡೀ ಮನೆಯಲ್ಲಿ ಒಂದೇ, ಅಪ್ಪನ ಮದುವೆಯ ಕೋಟು. ತೊಗರಿ ವ್ಯಾಪಾರಿಯಾದ ಅಪ್ಪ ಅದನ್ನು ಸೊಲ್ಲಾಪುರದಲ್ಲಿ ಹೊಲಿಸಿದ್ದರು. ಮೊಣಕಾಲಿನವರೆಗೆ ಬರುವ ದಪ್ಪ ಉಣ್ಣೆಯ ಕಪ್ಪು ಕೋಟು. ನಮ್ಮ ಊರ ಬಿಸಿಲನ್ನು ಬಲ್ಲವರಿಗೆ ಅದನ್ನು ನೆನೆದರೇ ಬೆವರು ಒಡೆಯಬೇಕು. ಅವ್ವನಿಗೆ ಅದರಲ್ಲಿ ಒಂದು ದೊಡ್ಡ ಕೊಡ ಕಾಣುತ್ತಿತ್ತು.

"ಅದನ್ನ ತೊಡೋ ಅಂಥಾ ಥಂಡಿ ಈ ಊರಿಗಿ ಬರ್ತದಂತ ಕಾಯಾಕತ್ತೀರೇನು? ಅಂಥಾ ಥಂಡಿ ಬಂದ್ರ ನಾವ್ಯಾರೂ ಉಳಿಯಂಗಿಲ್ಲ, ಕೋಟಷ್ಟೇ ಉಳಿತದ," ಎನ್ನುತ್ತಿದ್ದಳು.

"ಅದು ಸೊಲ್ಲಾಪುರದಾಗ ಹೊಲಿಸಿದ್ದು," ಎನ್ನುತ್ತಿದ್ದರು ಅಪ್ಪ. ಎಲ್ಲ ವಾದಕ್ಕೂ ಅವರದು ಅದೊಂದೇ ಉತ್ತರ.

ಇನ್ನು ನಮ್ಮ ಹಿತ್ತಲಿನ ಸಂಗತಿ. ಬಚ್ಚಲ ನೀರು ಕುಡಿದು ಬೆಳೆದ ಹೀರೆ, ಅವರೆ, ಬದನೆ, ಸೌತೆ, ಪುಂಡಿಪಲ್ಯ ಅಲ್ಲಿ ಸೊಕ್ಕಿ ನಿಂತಿದ್ದವು; ಅವುಗಳ ಮೇಲೆ ಕಣ್ಣಿಟ್ಟವರು ಮಾತ್ರ ನಮಗಿಂತ ಚುರುಕಾಗಿದ್ದರು. ಅವರೆಯ ಕುಡಿಗೆ ಕರಿಹೇನು, ಬದನೆಗೆ ಹುಳ, ಸೌತೆಗೆ ಅಳಿಲು. ಅವ್ವ ಒಲೆಯ ಬೂದಿಯನ್ನು ಜರಡಿ ಹಿಡಿದು ಎಲೆಗಳ ಮೇಲೆಲ್ಲ ಉದುರಿಸಿದಳು, ಗಿಡಗಳೆಲ್ಲ ವಿಭೂತಿ ಧರಿಸಿದ ಶರಣರಂತೆ ಕಂಡವೇ ಹೊರತು ಹುಳಗಳಿಗೆ ವೈರಾಗ್ಯ ಬರಲಿಲ್ಲ. ಹುಳಗಳನ್ನಾದರೂ ಸಹಿಸಬಹುದು, ಪಕ್ಕದ ಬೇವಿನ ಮರದಿಂದ ಇಳಿಯುತ್ತಿದ್ದ ಮಂಗಗಳದ್ದು ಶುದ್ಧ ಕುಚೇಷ್ಟೆ. ಒಂದೊಂದು ಹೀರೇಕಾಯಿಯನ್ನೂ ಒಂದೊಂದು ಸಲ ಕಚ್ಚಿ, ಸೇರದವರಂತೆ ಮುಖ ಮಾಡಿ ಎಸೆದು, ಮತ್ತೊಂದನ್ನು ಕೀಳುತ್ತಿದ್ದವು.

ಆಗ ಅಪ್ಪನಿಗೊಂದು ಉಪಾಯ ಹೊಳೆಯಿತು. ಅವರೇ ಟ್ರಂಕು ತೆರೆದು ಕೋಟು ತೆಗೆದರು. "ನಾ ಅಂಗಡಿಗಿ ಹೋದಾಗ ನನ್ನ ಬದಲಿ ಇದು ಹಿತ್ಲ ಕಾಯ್ತದ," ಎಂದರು. ಕೋಟು ಕೊಳೆಯಲಿ, ಗಾಳಿಗೆ ಹಾರಲಿ, ಬಾಂಡೆಯವಳ ಬುಟ್ಟಿಗೆ ಮಾತ್ರ ಬೀಳಬಾರದು ಎಂಬ ಅವರ ಒಳಸಂಚು ಅವ್ವನಿಗೆ ತಿಳಿಯದೆ ಇರಲಿಲ್ಲ. ಆದರೆ ಹೀರೆಯ ಮೇಲಿನ ಪ್ರೀತಿಗೆ ಸೋತು ಅವಳೂ ಕೈಜೋಡಿಸಿದಳು. ಒಂದು ಬಿದಿರು ನೆಟ್ಟು, ಹೆಗಲ ಅಗಲಕ್ಕೆ ಒಂದು ಅಡ್ಡಗೋಲು ಕಟ್ಟಿ ಕೋಟು ತೊಡಿಸಿದ್ದಾಯಿತು. ಗೋಲು ಹೆಗಲಿಗೇ ಮುಗಿದದ್ದರಿಂದ ತೋಳುಗಳು ಎರಡೂ ಕಡೆ ಜೋತಾಡಿದವು. ಮೇಲೆ ಬೋರಲು ಗಡಿಗೆ, ಅದಕ್ಕೆ ಅಪ್ಪನ ಹಳೆಯ ರುಮಾಲು. ಅವ್ವ ಸುಣ್ಣದಲ್ಲಿ ಕಣ್ಣು ಬರೆದು, ಕೊನೆಗೆ ಮಸಿಯಲ್ಲಿ ಒಂದು ಮೀಸೆ ತಿದ್ದಿ, ದೂರ ನಿಂತು ನೋಡಿ, "ಥೇಟ್ ನಿಮ್ಮಂಗೇ ಆಗ್ಯದ ನೋಡ್ರಿ. ಹೇಳಿದ ಮಾತು ಇದಕ್ಕೂ ಕೇಳ್ಸಂಗಿಲ್ಲ," ಎಂದಳು.

ಈ ಬೆದರುಗೊಂಬೆಗೆ ಮಂಗಗಳು ಎಷ್ಟು ಬೆದರಿದವು ಎಂದು ಕೇಳುತ್ತೀರಾ? ಮರುದಿನ ಬೆಳಿಗ್ಗೆ ಒಂದು ಮಂಗ ಅದರ ಹೆಗಲ ಮೇಲೆ ಕೂತು ರುಮಾಲಿನಲ್ಲಿ ಹೇನು ಹುಡುಕುತ್ತಿತ್ತು. ಗಿಳಿಗಳಿಗಂತೂ ಕೂತು ಉಣ್ಣಲು ಒಂದು ಜಾಗವಾಯಿತು. ಬೆದರಬೇಕಾದವರು ಬೆದರಲಿಲ್ಲ, ಅದರ ಬದಲು ಊರಿನ ಮರ್ಯಾದಸ್ಥರೆಲ್ಲ ನೊಂದುಕೊಂಡರು.

ಏಕೆಂದರೆ ನಮ್ಮ ಕಡೆ ಎದುರು ಸಿಕ್ಕವರಿಗೆ ಎರಡೂ ಕೈ ಜೋಡಿಸಿ ಶರಣು ಎನ್ನಬೇಕು, ಅನ್ನಿಸಿಕೊಂಡವರು ಶರಣು ಶರಣಾರ್ಥಿ ಎಂದು ಅಷ್ಟೇ ಬಾಗಿ ಮರಳಿಸಬೇಕು. ಹಿರಿಯರು ಕಿರಿಯರು ಎಂಬ ಲೆಕ್ಕ ಅದಕ್ಕಿಲ್ಲ. ಯಾರು ಮೊದಲು ಅಂದರೋ ಅವರೇ ಹಿರಿಯರು. ಶರಣು ಕೇಳಿಯೂ ಸುಮ್ಮನಿರುವುದು, ಬಂದವರ ಮುಖದ ಮೇಲೆ ಬಾಗಿಲು ಹಾಕಿದಂತೆ. ಬಸ್‌ಸ್ಟ್ಯಾಂಡಿನಿಂದ ಬರುವ ಕಾಲುದಾರಿ ನಮ್ಮ ಹಿತ್ತಲಿನ ಬೇಲಿಯನ್ನು ಸವರಿಕೊಂಡೇ ಹೋಗುತ್ತಿತ್ತು. ಹೋಗುವವರು ಬರುವವರು ಬೇಲಿಯಾಚೆಯಿಂದ ಕೋಟಿಗೆ "ಶರಣ್ರಿ ಸಾವಕಾರ್ರ" ಎನ್ನುವರು, ಕೋಟು ಬಿಗುಮಾನದಿಂದ ಹೀರೆಬಳ್ಳಿಯನ್ನೇ ನೋಡುತ್ತಿರುವುದು. ವಾರ ಕಳೆಯುವುದರೊಳಗೆ ಹಾಲಿನಾಕೆ ಅವ್ವನಿಗೆ ಹೇಳಿಯೇಬಿಟ್ಟಳು: "ಸಾವಕಾರ್ರು ಈಗ ದೊಡ್ಡವರಾಗ್ಯಾರ ಬಿಡ್ರಿ. ನಮ್ಮಂಥವರ ಶರಣು ಅವರಿಗಿ ಕೇಳ್ಸಂಗಿಲ್ಲ." ಪಾಪ, ಅಪ್ಪ ಬಜಾರಿನಲ್ಲಿ ಎದುರು ಬಂದವರಿಗೆಲ್ಲ ಎರಡೆರಡು ಸಲ ಶರಣೆಂದು ಸಮಾಧಾನ ಮಾಡುತ್ತ ಓಡಾಡಿದರು. ಆದರೂ ಕೋಟು ತೆಗೆಯಲಿಲ್ಲ, ತೆಗೆದರೆ ಅವ್ವ ಕೊಡ ತರುತ್ತಾಳಲ್ಲ!

ಇಷ್ಟೇ ಆಗಿದ್ದರೆ ಇದು ನಗೆಯ ಮಾತಾಗಿ ಮುಗಿಯುತ್ತಿತ್ತು. ನನ್ನ ಎದೆ ಹೊಡೆದುಕೊಳ್ಳಲು ಶುರುವಾದದ್ದು ನಮ್ಮ ಅತ್ತೆ, ಅಂದರೆ ಅಪ್ಪನ ತಂಗಿ, ಅಫಜಲಪುರದ ಒಂದು ಸಂಬಂಧ ತಂದಾಗ. ಹುಡುಗ ಹೈಸ್ಕೂಲಿನಲ್ಲಿ ಮಾಸ್ತರು. ಅವರನ್ನು ನಾನು ಹಿಂದೊಮ್ಮೆ ಕಂಡಿದ್ದೆ ಎಂಬುದು ಅತ್ತೆಗೂ ನನಗೂ ಮಾತ್ರ ಗೊತ್ತು. ನಾವಿಬ್ಬರೂ ಘತ್ತರಗಿಗೆ ಭಾಗ್ಯವಂತಿ ದೇವಿಯ ದರ್ಶನಕ್ಕೆ ಹೋದಾಗ ಭೀಮಾ ನದಿಯ ಮೆಟ್ಟಿಲ ಮೇಲೆ ಇವರ ಚಪ್ಪಲಿಯನ್ನು ಹೊಳೆ ಎಳೆದುಕೊಂಡು ಹೋಗಿತ್ತು. ಅವರು ದಂಡೆಯುದ್ದಕ್ಕೂ ಅದರ ಜೊತೆ ಓಡಿ, ಸಿಗದೆ, ಒದ್ದೆ ಮೆಟ್ಟಿಲ ಮೇಲೆ ಕುಸಿದು ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಕಳೆದುಕೊಂಡದ್ದಕ್ಕೆ ಹಾಗೆ ನಗುವವರ ಮನೆಯಲ್ಲಿ ಹಾಲು ಉಕ್ಕಿದರೂ ಸಾರು ಸೀದರೂ ಬದುಕು ಸೀಯದು ಎಂದು ನನಗೆ ಅನ್ನಿಸಿತ್ತು. ನನಗೆ ಅವರು ಬೇಕಾಗಿದ್ದರು, ಅಷ್ಟೆ. ಹೇಳಿಕೊಳ್ಳುವ ಕಾಲ ಅದಲ್ಲ.

ಆದರೆ ಹೌದು ಅಲ್ಲ ಎನ್ನಬೇಕಾದವರು ಹುಡುಗನ ಮುತ್ಯಾ. ಅಜ್ಜನಿಗೆ ನಮ್ಮಲ್ಲಿ ಮುತ್ಯಾ ಎನ್ನುತ್ತೇವೆ. ಜೇವರ್ಗಿಯ ಒಂದು ಮನೆಯಲ್ಲಿ ಕೈಕಾಲಿಗೆ ನೀರು ತರುವುದು ತಡವಾಯಿತೆಂದು ಹೊಸ್ತಿಲಿನಿಂದಲೇ ತಿರುಗಿ ಬಂದವರಂತೆ. "ಅವರು ಶರಣು ಅಂದ್ರ ತಟ್ಟಂತ ಶರಣು ಅನ್ನಬೇಕು, ಜರಾ ತಡಾ ಆದ್ರೂ ಮುಗೀತು," ಎಂದು ಅತ್ತೆ ಮನೆಮಂದಿಗೆಲ್ಲ ತಾಕೀತು ಮಾಡಿದಳು. ನಾವು ಅಂಗಳ ಸಾರಿಸಿದೆವು, ತೋರಣ ಕಟ್ಟಿದೆವು. ಹಿತ್ತಲಿನಲ್ಲಿ ಒಬ್ಬರು ಮೌನವ್ರತ ಹಿಡಿದು ನಿಂತಿರುವುದು ಯಾರಿಗೂ ನೆನಪಾಗಲಿಲ್ಲ.

ಶ್ರಾವಣ ಕಳೆದ ದಿನಗಳು, ಮುಗಿಲು ಕವಿದು ತುಂತುರು ಹನಿಯುತ್ತಿತ್ತು. ಗಂಡಿನವರು ಹೇಳಿದ ಹೊತ್ತಿಗಿಂತ ಮುಂಚಿನ ಬಸ್ಸಿಗೇ ಬಂದಿಳಿದರು. ಉಳಿದವರು ಹೂವು ಹಣ್ಣು ಕೊಳ್ಳುತ್ತ ಹಿಂದುಳಿದರೆ, ನಡಿಗೆಯಲ್ಲಿ ಚುರುಕಾದ ಮುತ್ಯಾ ಒಬ್ಬರೇ ಕಾಲುದಾರಿ ಹಿಡಿದರು. ಅತ್ತೆ ಪಕ್ಕದ ಮನೆಗೆ ಜಮಖಾನೆ ತರಲು ಹೋಗಿದ್ದಳು, ಅವ್ವನ ಕಿವಿಯಲ್ಲಿ ಭಜಿ ಕರಿಯುವ ಎಣ್ಣೆಯ ಸದ್ದು, ಅಪ್ಪ ಬಚ್ಚಲಲ್ಲಿ. ಅರ್ಧ ಹೆಣೆದ ಜಡೆ ಹಿಡಿದು ಹಿತ್ತಲ ಕಿಟಕಿಯಲ್ಲಿ ನಿಂತಿದ್ದ ನನಗೆ ಬೇಲಿಯಾಚೆ ಬಿಳಿ ರುಮಾಲು ಕಾಣಿಸಿತು. ಹನಿ ಬಿದ್ದ ಚಾಳೀಸಿನ ಗಾಜಿನೊಳಗಿಂದ ನೋಡುತ್ತ ಮುತ್ಯಾ ಕೋಟಿಗೆ ಕೈ ಮುಗಿದರು.

"ಶರಣ್ರಿ ಸಾವಕಾರ್ರ."

ಕೋಟು ಸುಮ್ಮನಿತ್ತು. ಅವರು ಇನ್ನಷ್ಟು ಗಟ್ಟಿಯಾಗಿ ಮತ್ತೊಮ್ಮೆ ಅಂದರು. ಆಗಲೇ ಆ ಹಾಳು ಗಾಳಿ ಬೀಸಬೇಕೆ! ಕೋಟಿನ ಬಲತೋಳು ಮೆಲ್ಲಗೆ ಎದ್ದು, ನೊಣ ಓಡಿಸುವಂತೆ, ಹೋಗು ಹೋಗು ಎಂದು ಬೀಸಿತು. ಮುತ್ಯಾನ ಮುಖ ಕೆಂಪಾಯಿತು. ಕೊಡೆ ಕಂಕುಳಿಗೆ ಸಿಕ್ಕಿಸಿ ಬಂದ ದಾರಿಗೆ ತಿರುಗಿದರು.

"ಅಪ್ಪಾ, ಲಗೂ ಬರ್ರಿ!" ಎಂದು ಬಚ್ಚಲ ಬಾಗಿಲು ಬಡಿದೆ.

"ಸಾಬೂನು ಕಣ್ಣಾಗ ಹೊಕ್ಕದ, ತಡಿಬೇ," ಎಂದರು ಒಳಗಿನಿಂದ.

ನೋಡಲು ಬಂದವರ ಎದುರು ಹುಡುಗಿ ಕರೆಯುವ ಮುಂಚೆ ಬರುವಂತಿಲ್ಲ, ಅದೂ ಅರ್ಧ ಜಡೆಯಲ್ಲಿ. ಬಾರದಿದ್ದರೆ ಅವರು ಬಸ್‌ಸ್ಟ್ಯಾಂಡ್ ಮುಟ್ಟುತ್ತಾರೆ, ಆ ನಗು ಎಂದೆಂದಿಗೂ ಅಫಜಲಪುರದಲ್ಲೇ ಉಳಿಯುತ್ತದೆ. ಯೋಚಿಸಿದ್ದು ನಾನೋ ನನ್ನ ಕಾಲುಗಳೋ ತಿಳಿಯದು. ಹೀರೆಯ ಚಪ್ಪರದ ಕೆಳಗೆ ನುಸುಳಿ, ಹಿಂದಿನಿಂದ ಅಂಚು ಎತ್ತಿ ಕೋಟಿನೊಳಗೆ ಹೊಕ್ಕು, ಜೋತುಬಿದ್ದ ತೋಳುಗಳಲ್ಲಿ ನನ್ನ ಕೈ ತೂರಿಸಿ, ಎರಡನ್ನೂ ಜೋಡಿಸಿ, ಅಪ್ಪನ ದನಿಯನ್ನು ಎಲ್ಲಿಂದಲೋ ಎಳೆದು ತಂದು ಒದರಿದೆ: "ಶರಣು ಶರಣಾರ್ಥೀ! ಬರ್ರೀ!"

ಮುತ್ಯಾ ತಿರುಗಿದರು. ಮರ್ಯಾದೆಗೆಂದು ನಾನು ಬಾಗಿದೆ. ಬಾಗಿದ್ದೇ ತಡ, ಗಡಿಗೆ ಜಾರಿ ನೆಲಕ್ಕೆ ಬಿದ್ದು ಚೂರಾಯಿತು. ರುಂಡವಿಲ್ಲದ ಸಾವಕಾರ್ರು, ಮುಂಗೈ ತುಂಬ ಹಸಿರು ಬಳೆ ಗಲಗಲ ಎನ್ನಿಸುತ್ತ, ಕೈ ಮುಗಿದೇ ನಿಂತಿದ್ದರು.

ಮುತ್ಯಾ ಚಾಳೀಸು ತೆಗೆದು, ಧೋತರದ ತುದಿಯಿಂದ ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ಕೋಟಿನ ಗುಂಡಿಗಳ ನಡುವಿನ ಸಂದಿನಿಂದ ನಾನೂ ನೋಡುತ್ತಿದ್ದೆ. ನನ್ನ ಹಣೆಬರಹ ಆ ಸಂದಿನಲ್ಲೇ ಕಾಣುತ್ತಿತ್ತು.

"ಭಲೇ ಸಾವಕಾರ್ರ," ಎಂದರು ಕೊನೆಗೆ, "ತಲಿ ಹೋದ್ರೂ ಶರಣು ಬಿಡಲಿಲ್ಲಲ್ರೀ!"

ಆಮೇಲೆ ನಗತೊಡಗಿದರು. ನಕ್ಕು ನಕ್ಕು ಬೇಲಿಯ ಪಕ್ಕದ ಕಲ್ಲಿನ ಮೇಲೆ ಕುಸಿದು ಹೊಟ್ಟೆ ಹಿಡಿದುಕೊಂಡರು. ಘತ್ತರಗಿಯ ಮೆಟ್ಟಿಲ ಮೇಲೆ ಕೇಳಿದ ನಗು ಯಾರ ಆಸ್ತಿ ಎಂಬುದು ನನಗೆ ಆಗ ತಿಳಿಯಿತು. ಕಿವಿಯಲ್ಲಿ ಸಾಬೂನಿನ ನೊರೆ ಹೊತ್ತ ಅಪ್ಪ, ಕೈಯಲ್ಲಿ ಭಜಿ ಎತ್ತುವ ಜಾರಿ ಸೌಟು ಹಿಡಿದ ಅವ್ವ ಓಡಿ ಬಂದಾಗ ಕೋಟಿನ ಒಳಗೆ ನಾನು, ಹೊರಗೆ ಮುತ್ಯಾ, ಇಬ್ಬರೂ ನಗುತ್ತಿದ್ದೆವು.

ಒಳಗೆ ಎಲ್ಲರೂ ಕೂತ ಮೇಲೆ ನನಗೆ ಅಡುಗೆ ಬರುತ್ತದೆಯೇ, ಹೊಲಿಗೆ ಬರುತ್ತದೆಯೇ ಎಂದು ಯಾರೋ ಶುರುಮಾಡಿದರು. ಮುತ್ಯಾ ಕೈ ಎತ್ತಿ, "ಕನ್ಯಾ ನೋಡೋದು ಆಗ್ಯದ. ಬಂದ ಶರಣು ಕೆಳಗ ಬೀಳಗೊಡಂಗಿಲ್ಲ ಈ ಹುಡುಗಿ. ಮತ್ತೇನು ಬೇಕು?" ಎಂದರು. ನಿಮ್ಮ ಶರಣು ಒಂದು ಗಡಿಗೆಗೆ ವ್ಯರ್ಥವಾಯಿತಲ್ಲ ಎಂದು ಅಪ್ಪ ಮತ್ತೆ ಮತ್ತೆ ಕೈ ಮುಗಿದಾಗ, "ವ್ಯರ್ಥ ಹ್ಯಾಂಗ ಆಗ್ತದ್ರಿ? ಅಂದದ್ದು ನಾನು. ಅದು ಮುಟ್ಟೋ ಕಡಿ ಮುಟ್ಟೇ ಮುಟ್ತದ," ಎಂದುಬಿಟ್ಟರು. ಮಾಸ್ತರು ಮಾತ್ರ ಮಾತಾಡಲಾರದೆ ಜಮಖಾನೆಯ ಮೇಲೆ ವಾಲಿ ನಗುತ್ತಿದ್ದರು.

ಮದುವೆಯ ಹಿಂದಿನ ದಿನ ಓಣಿಯಲ್ಲಿ ಬಾಂಡೆಯವಳ ಕೂಗು ಕೇಳಿತು. ಅವ್ವ ಅರಿಶಿನದ ಗಡಿಬಿಡಿಯಲ್ಲಿದ್ದಳು. ಕಿಟಕಿಯಿಂದ ನೋಡಿದರೆ, ಬಾಂಡೆಯವಳೊಡನೆ ಎಂದೂ ಮಾತಾಡದ ಅಪ್ಪ ಹಿತ್ತಲಿನ ಕೋಟನ್ನು ಝಾಡಿಸಿ ಅವಳ ಮುಂದೆ ಹಿಡಿದಿದ್ದರು. ಮಳೆಗೆ ನೆನೆದು, ಗಿಳಿಗಳಿಂದ ಗುರುತು ಮಾಡಿಸಿಕೊಂಡ ಕೋಟು. ಅವಳು ಮೂಗು ಮುರಿದಳು. "ಸೊಲ್ಲಾಪುರದಾಗ ಹೊಲಿಸಿದ್ದು ಬೇ," ಎಂದು ಅಪ್ಪ ಗೋಗರೆದರು. ಕೊಟ್ಟದ್ದು ಒಂದು ತಂಬಿಗೆ. ಅದನ್ನು ತಂದು ನನ್ನ ಕೈಯಲ್ಲಿಟ್ಟು, "ಆ ಮನ್ಯಾಗ ನೀರು ಕೊಡೋದು ತಡಾ ಆಗಬಾರ್ದವ್ವ," ಎಂದವರೇ ಅಂಗಡಿಯ ಕಡೆ ನಡೆದುಬಿಟ್ಟರು. ಅವ್ವನ ದೊಡ್ಡ ಕೊಡಕ್ಕೆ ಬಗ್ಗದ ಮನುಷ್ಯ ಇಷ್ಟು ಸಣ್ಣ ತಂಬಿಗೆಗೆ ಬಗ್ಗಿದ್ದರು. ನಾನು ಅಂದು ತುಂಬ ಅತ್ತೆ. ಅವ್ವ ಮಾತ್ರ ತಂಬಿಗೆಯನ್ನು ಗೆಣ್ಣಿನಿಂದ ಬಡಿದು ನೋಡಿ, "ದನಿ ಚಲೋ ಅದ. ಆದ್ರ ನಾ ಇದ್ದಿದ್ರ ಮುಚ್ಚಳಾನೂ ಕೇಳ್ತಿದ್ದೆ," ಎಂದಳು.

ಈಗ ಅಫಜಲಪುರದ ನನ್ನ ಹಿತ್ತಲಿನಲ್ಲೂ ಹೀರೆ ಇದೆ, ಮಂಗಗಳೂ ಇವೆ. ಮುತ್ಯಾ ತೀರಿಕೊಂಡ ವರ್ಷ ಅವರ ಉದ್ದನೆಯ ಬಿಳಿ ಅಂಗಿಗೆ ಬಾಂಡೆಯವಳೊಬ್ಬಳು ದೊಡ್ಡ ಬೋಗುಣಿಯನ್ನೇ ಮುಂದಿಟ್ಟಳು. ಅವ್ವನ ಮಗಳಾದ ನನಗೆ ಆಸೆಯಾಗಲಿಲ್ಲ ಎಂದರೆ ಸುಳ್ಳಾದೀತು. ಆದರೂ ಅಂಗಿಯನ್ನು ಒಯ್ದು ಬಿದಿರಿಗೆ ತೊಡಿಸಿದೆ. ಬೆಳಿಗ್ಗೆ ಈ ವಾಲುವ ತಂಬಿಗೆಯಲ್ಲಿ ಬಳ್ಳಿಗೆ ನೀರು ಹಾಕಲು ಹೋದಾಗ ಮೊದಲು ಅವರಿಗೆ ಶರಣು ಎನ್ನುತ್ತೇನೆ. ಗಾಳಿ ಇದ್ದ ದಿನ ಅವರೂ ಕೈ ಎತ್ತುತ್ತಾರೆ. ಗಾಳಿ ಇಲ್ಲದ ದಿನ, ತಂಬಿಗೆ ಕೆಳಗಿಟ್ಟು ಆಚೆಯ ಬದಿಗೆ ಹೋಗಿ, ಅವರ ತೋಳುಗಳಲ್ಲಿ ಕೈ ತೂರಿಸಿ, ಅವರ ಪರವಾಗಿ ನಾನೇ ಮರಳಿಸುತ್ತೇನೆ.